ಒಬ್ಬೊಬ್ಬರಿಗೂ ಒಂದು ಮಾತು

ಬೇರೆ ಶಾಲೆಗಳಲ್ಲಿ ಬೀಳ್ಕೊಡುಗೆ ಸಮಾರಂಭವೆಂದರೆ ಮುಖ್ಯಸ್ಥರು ಮೈಕಿನ ಮುಂದೆ ನಿಂತು ‘ನೀವೇ ನಾಳಿನ ಪ್ರಜೆಗಳು’ ಎಂದು ಶುರು ಮಾಡಿ, ಹಿಂದಿನ ಸಾಲಿನ ತಾತಂದಿರು ಗೊರಕೆ ಹೊಡೆಯುವವರೆಗೂ ಎಳೆಯುತ್ತಾರೆ. ಈ ಶಾಲೆಯಲ್ಲಿ ಆ ಕಷ್ಟವಿಲ್ಲ. ಇಲ್ಲಿ ಹೆಡ್‌ಮೇಡಂ ಭಾಷಣವನ್ನೇ ಮಾಡುವುದಿಲ್ಲ. ಶಾಲೆ ಮುಗಿಸಿ ಹೊರಡುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ವೇದಿಕೆಗೆ ಕರೆದು, ಪ್ರಮಾಣಪತ್ರ ಕೈಗಿಡುವ ಮೊದಲು ಆ ಮಗುವಿನ ಬಗ್ಗೆ ಒಂದೇ ಒಂದು ಮಾತು ಹೇಳುತ್ತಾರೆ. ಚೀಟಿ ನೋಡಿಕೊಳ್ಳುವುದಿಲ್ಲ. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಹಳೆಯ ವಿದ್ಯಾರ್ಥಿಗಳು ತಮಗೇ ಮಕ್ಕಳಾದ ಮೇಲೂ ತಮ್ಮ ತಮ್ಮ ಮಾತನ್ನು ಬಾಯಿಪಾಠ ಒಪ್ಪಿಸುತ್ತಾರೆ. ಶಾಲೆಯ ರಸ್ತೆಯ ತಿರುವಿನಲ್ಲಿರುವ ಬೇಕರಿಯವನಂತೂ ‘ಇವನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ’ ಎಂಬ ತನ್ನ ಮಾತನ್ನು ಅಂಗಡಿಯ ಗೋಡೆಯ ಮೇಲೆ ಬರೆಸಿದ್ದಾನೆ. ಗಿರಾಕಿಗಳು ಬ್ರೆಡ್ ತಾಜಾ ಇದೆಯೇ ಎಂದು ಕೇಳಿ ಅವನ ಕಿವಿ ನೋಡುತ್ತಾರೆ.

ಈ ವರ್ಷದ ಮಾತುಗಳು ಎಂದಿಗಿಂತ ಬೇಗ ಸಿದ್ಧವಾಗಿದ್ದವು. ವರ್ಷವೇ ಹಾಗಿತ್ತು, ಒಂದು ದಿನವೂ ಸುಮ್ಮನೆ ಕೂತದ್ದಲ್ಲ. ಪರೀಕ್ಷೆಯ ಮಧ್ಯೆ ಮಾಳಿಗೆಯ ನೀರಿನ ಟ್ಯಾಂಕ್ ಒಡೆದು ಮೆಟ್ಟಿಲ ಮೇಲೆ ಜಲಪಾತ ಇಳಿದಾಗ, ‘ಚಂಡಮಾರುತ’ ಎಂದು ಹೆಸರಾದ ಹುಡುಗ ಎಲ್ಲರ ಉತ್ತರಪತ್ರಿಕೆಗಳನ್ನೂ ತಲೆಯ ಮೇಲೆ ಹೊತ್ತು ಓಡಿ ಉಳಿಸಿದ್ದ. ಆಮೇಲೆ ಜ್ಞಾನೋದಯವಾಗಿ ತನ್ನದೊಂದನ್ನು ಮಾತ್ರ ವಾಪಸು ತಂದು ನೀರಿಗೆ ಹಾಕಿದ್ದ. ನಾಟಕದಲ್ಲಿ ರಾಜನ ಮೀಸೆ ಉದುರಿದಾಗ ಮಂತ್ರಿಯಾಗಿದ್ದ ಹುಡುಗಿ ಅದನ್ನು ಎತ್ತಿ ತನಗೇ ಅಂಟಿಸಿಕೊಂಡು ‘ಇನ್ನು ಮೇಲೆ ರಾಜ್ಯ ನನ್ನದು’ ಎಂದು ಕಥೆಯನ್ನೇ ತಿರುಗಿಸಿದ್ದಳು. ವಿಜ್ಞಾನದ ಕೋಣೆಯಲ್ಲಿ ಹೊಗೆ ಎಬ್ಬಿಸಿದವನು ತಾನೇ ಎಲ್ಲರಿಗಿಂತ ಮೊದಲು ‘ಬೆಂಕಿ, ಬೆಂಕಿ’ ಎಂದು ಕೂಗಿ, ಮರುದಿನ ಆ ಸಮಯಪ್ರಜ್ಞೆಗೆ ಬಹುಮಾನ ಇಲ್ಲವೇ ಎಂದು ಕೇಳಲು ಬಂದಿದ್ದ. ಒಂದೊಂದು ಅವಾಂತರವೂ ಒಬ್ಬೊಬ್ಬರ ಮಾತಾಯಿತು. ಆಗ ರೇಗಿ ರಂಪ ಮಾಡಿದ್ದೆಲ್ಲ ಈಗ ನೆನೆದರೆ ನಗು ಬರುತ್ತಿತ್ತು. ಇಷ್ಟು ಚೆನ್ನಾಗಿ ಎಡವಟ್ಟಾದ ವರ್ಷ ಇನ್ನೊಂದಿಲ್ಲ ಎಂದು ಹೆಡ್‌ಮೇಡಂಗೆ ಒಳಗೊಳಗೇ ಖುಷಿ.

ಹಾಗೆಂದು ಆ ಖುಷಿಯನ್ನು ಅವರು ಯಾರಿಗೂ ತೋರಿಸಿದವರಲ್ಲ. ಹೆಡ್‌ಮೇಡಂ ಕೆಮ್ಮಿದರೆ ಮೂರು ತರಗತಿಗಳು ಬಾಯಿ ಮುಚ್ಚುತ್ತಿದ್ದವು. ಅವರ ಗಂಡ ಮನೆಯ ಮುಂಭಾಗದ ಪುಟ್ಟ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವವರು. ಅವರಿಂದ ಆಗದ ಗಡಿಯಾರಗಳನ್ನು ಹೆಂಡತಿ ಒಂದು ಸಲ ಗುರಾಯಿಸಿದರೆ ಸಾಕು, ತಾವಾಗಿಯೇ ನಡೆಯುತ್ತವೆ ಎಂದು ಮಕ್ಕಳು ಹೇಳಿಕೊಳ್ಳುತ್ತಿದ್ದರು. ಈ ಮಾತು ಕಿವಿಗೆ ಬಿದ್ದರೂ ಹೆಡ್‌ಮೇಡಂ ಕೇಳದವರ ಹಾಗೆ ಇದ್ದರು. ಹೆದರಿಕೆ ಇದ್ದರೆ ಶಾಲೆ ನಡೆಸುವುದು ಅರ್ಧ ಸುಲಭ.

ಸಮಾರಂಭಕ್ಕೆ ಒಂದು ವಾರ ಇರುವಾಗ, ತಮ್ಮ ಕೋಣೆಯಲ್ಲಿ ಕೂತು ಮಕ್ಕಳ ಮುಖಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡು ಮಾತುಗಳನ್ನು ಗುನುಗುತ್ತಿದ್ದವರು ಒಂದು ಮುಖದ ಮುಂದೆ ನಿಂತುಬಿಟ್ಟರು. ಎರಡು ಜಡೆ, ತೆಳ್ಳಗಿನ ಮೂಗು. ಆಮೇಲೆ? ಆಮೇಲೆ ಏನೂ ಇಲ್ಲ. ಈ ಹುಡುಗಿ ಬಹುಮಾನ ಗೆದ್ದಿರಲಿಲ್ಲ, ಗಾಜು ಒಡೆದಿರಲಿಲ್ಲ, ಅತ್ತಿರಲಿಲ್ಲ, ಜಗಳವಾಡಿರಲಿಲ್ಲ. ಕೊನೆಗೆ ಒಂದು ಅಡ್ಡಹೆಸರನ್ನೂ ಸಂಪಾದಿಸಿರಲಿಲ್ಲ. ಇಡೀ ಶಾಲೆಯೇ ತಲೆಕೆಳಗಾದ ವರ್ಷದಲ್ಲಿ ಏನೂ ಮಾಡದ ಹುಡುಗಿ ಇವಳೊಬ್ಬಳೇ.

ಹೆಡ್‌ಮೇಡಂ ಕುರ್ಚಿಯಿಂದ ಎದ್ದು ನಿಂತರು. ಎಲ್ಲ ಮಕ್ಕಳನ್ನೂ ಬಲ್ಲೆ ಎಂಬ ಜಂಭ ಒಂದು ಕಡೆ ಇರಲಿ. ಆ ಹುಡುಗಿ ಅಪ್ಪ ಅಮ್ಮನ ಎದುರಿಗೆ ವೇದಿಕೆ ಹತ್ತಿ ತನ್ನ ಮಾತಿಗಾಗಿ ಕಾಯುತ್ತಾಳೆ. ಆಗ ಏನಾದರೊಂದು ತೇಲಿಸಿ ಹೇಳಿದರೆ, ನೀನು ಇಲ್ಲಿದ್ದೆಯೋ ಇಲ್ಲವೋ ನಮಗೆ ಗೊತ್ತೇ ಆಗಲಿಲ್ಲ ಎಂದು ಮೈಕಿನಲ್ಲಿ ಸಾರಿದಂತೆ. ಮಗು ಅದನ್ನು ಜೀವನಪೂರ್ತಿ ಹೊತ್ತುಕೊಂಡು ತಿರುಗಬೇಕು.

ಗಣಿತದ ಮೇಷ್ಟ್ರನ್ನು ಕರೆಸಿದರು. ಅವರು ಯಾವ ವಿಷಯಕ್ಕೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಮನುಷ್ಯ.

“ಒಳ್ಳೆ ಹುಡುಗಿ ಮೇಡಂ. ಏನೂ ತೊಂದ್ರೆ ಇಲ್ಲ.”

“ತೊಂದ್ರೆ ಇಲ್ಲ ಅನ್ನೋದು ಗೊತ್ತು ಮೇಷ್ಟ್ರೇ. ಏನಿದೆ, ಅದನ್ನ ಹೇಳಿ.”

ಮೇಷ್ಟ್ರು ಚಾವಣಿ ನೋಡಿದರು, ನೆಲ ನೋಡಿದರು. “ಅಂಕ ಪರವಾಗಿಲ್ಲ. ಅಕ್ಷರ ಪರವಾಗಿಲ್ಲ. ಶಾಂತ ಸ್ವಭಾವದ ಹುಡುಗಿ ಅಂದ್ಬಿಡಿ ಮೇಡಂ, ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

“ಅದೊಂದು ಮಾತೇನ್ರೀ? ಔಷಧಿ ಸೀಸೆ ಮೇಲಿನ ಚೀಟಿ ಥರ ಇದೆ!”

ಮೇಷ್ಟ್ರು ಮೆಲ್ಲಗೆ ಜಾಗ ಖಾಲಿ ಮಾಡಿದರು. ಆಟದ ಟೀಚರ್, ಚಿತ್ರಕಲೆಯ ಟೀಚರ್, ಗೇಟಿನ ಕಾವಲುಗಾರ, ಯಾರನ್ನು ಕೇಳಿದರೂ ಒಂದೇ ರಾಗ: ಒಳ್ಳೆ ಹುಡುಗಿ. ಕಾವಲುಗಾರನಂತೂ ಯಾವ ಹುಡುಗಿ ಎಂದು ಮೂರು ಸಲ ಕೇಳಿ, ಬೇರೊಬ್ಬಳನ್ನು ಮನಸಾರೆ ಹೊಗಳಿದ.

ಮರುದಿನ ಹುಡುಗಿಯನ್ನೇ ಕೋಣೆಗೆ ಕರೆಸಿದರು. ಭೂಪಟ ಸುತ್ತಿಡಬೇಕು ಎಂಬುದು ನೆಪ. ಹುಡುಗಿ ಭೂಪಟವನ್ನು ಒಂದು ಸುಕ್ಕೂ ಇಲ್ಲದಂತೆ ಸುತ್ತಿ, ದಾರ ಕಟ್ಟಿ, ನಿಂತಳು.

“ಓದೋದು ಬಿಟ್ರೆ ಏನು ಇಷ್ಟ ನಿಂಗೆ?”

“ಹಾಗೇನಿಲ್ಲ ಮೇಡಂ.”

“ಯಾರ ಜೊತೆ ಜಾಸ್ತಿ ಸ್ನೇಹ?”

“ಎಲ್ರ ಜೊತೆಗೂ ಮೇಡಂ.”

“ಮುಂದೆ ಏನಾಗ್ಬೇಕು ಅಂತಿದ್ಯಾ?”

“ಇನ್ನೂ ನೋಡ್ತಾ ಇದೀನಿ ಮೇಡಂ.”

ಹೀಗೆ ಪ್ರಶ್ನೆ ಕೇಳಿ ಕೇಳಿ ಹೆಡ್‌ಮೇಡಂ ಬೆವರಿದರೇ ಹೊರತು ಹುಡುಗಿ ಒಂದಿಷ್ಟೂ ಅಲುಗಲಿಲ್ಲ. ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದಳು. ‘ಬಾಗಿಲನ್ನು ಸದ್ದಿಲ್ಲದೆ ಮುಚ್ಚುವ ಹುಡುಗಿ’ ಎಂದು ಹೇಳಿದರೆ ಹೇಗೆ ಎಂದು ಒಂದು ಕ್ಷಣ ಯೋಚಿಸಿ, ತಮ್ಮ ಮೇಲೆ ತಮಗೇ ಅಸಹ್ಯವಾಯಿತು.

ಸಮಾರಂಭದ ಹಿಂದಿನ ಸಂಜೆ ಗಂಡನ ಅಂಗಡಿಯ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿಕೊಂಡರು. ಗಂಡ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ಕೇಳಿದರು.

“ಅಲ್ಲ ಕಣೇ, ದೀಪದ ಬುಡದಲ್ಲೇ ಕತ್ತಲೆ ಅಂದ ಹಾಗಾಯ್ತಲ್ಲ ನಿನ್ನ ಕಥೆ.”

“ಗಾಯಕ್ಕೆ ಉಪ್ಪು ಸವರ್ಬೇಡಿ. ದಾರಿ ಇದ್ರೆ ಹೇಳಿ.”

“ನನ್ಹತ್ರ ಕೆಟ್ಟಿರೋ ಗಡಿಯಾರನೇ ಬರೋದು. ಸರಿಯಾಗಿ ನಡೀತಿರೋದನ್ನ ಯಾರು ತಂದು ತೋರಿಸ್ತಾರೆ? ನಿಂಗೂ ಅಷ್ಟೇ, ಕೆಟ್ಟವರೇ ಜಾಸ್ತಿ ಪರಿಚಯ.” ಆಮೇಲೆ ಭೂತಗನ್ನಡಿ ತೆಗೆದು ಸೇರಿಸಿದರು: “ಗೊತ್ತಿಲ್ದೇ ಇದ್ರೆ ಗೊತ್ತಿಲ್ಲ ಅನ್ನು. ಸುಳ್ಳು ಹೇಳೋಕೆ ನಿನ್ನ ಕೈಲಿ ಎಲ್ಲಾಗುತ್ತೆ, ಆ ಬೇಕರಿಯವನಿಗಿಂತ ಕಡೆ ನೀನು.”

ಹೆಡ್‌ಮೇಡಂ ಸಿಡಿಮಿಡಿಗೊಂಡು ಒಳಗೆ ಹೋದರು. ಆದರೆ ರೇಗಿದ್ದು ಗಂಡನ ಮಾತು ಸರಿ ಇದ್ದುದಕ್ಕೆ.

ಸಮಾರಂಭದ ದಿನ ಸಭಾಂಗಣ ಕಿಕ್ಕಿರಿದಿತ್ತು. ಅಜ್ಜಿಯರು ಮುಂದಿನ ಸಾಲಿಗೆ ನುಗ್ಗಿ ಸೀಟು ಹಿಡಿದಿದ್ದರು, ಅಪ್ಪಂದಿರು ಗೋಡೆಗೆ ಒರಗಿದ್ದರು. ಮಾತುಗಳು ಒಂದರ ಹಿಂದೊಂದು ಸಲೀಸಾಗಿ ಬಂದವು. ಚಂಡಮಾರುತನಿಗೆ “ಊರಿನವರ ಕಾಗದವನ್ನೆಲ್ಲ ನೀರಿನಿಂದ ಕಾಪಾಡಿ, ತನ್ನದನ್ನು ಮಾತ್ರ ನೀರುಪಾಲು ಮಾಡಿದ ತ್ಯಾಗಿ” ಎಂದಾಗ ಅವನ ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ವಿಷಯ ಅವರಿಗೆ ಆ ಸಭೆಯಲ್ಲೇ ಮೊದಲ ಸಲ ತಿಳಿದದ್ದು ಎಂದು ಆಮೇಲೆ ಗೊತ್ತಾಯಿತು. ಮೀಸೆಯ ಮಂತ್ರಿಗೆ ಚಪ್ಪಾಳೆ ನಿಲ್ಲಲೇ ಇಲ್ಲ. ಆಮೇಲೆ ಎರಡು ಜಡೆಯ ಹುಡುಗಿ ಮೆಟ್ಟಿಲು ಹತ್ತಿ ಬಂದು ನಿಂತಳು. ಕೆಳಗೆ ಅವಳ ಅಮ್ಮ ಸೀಟಿನ ತುದಿಗೆ ಜರುಗಿ ಕೂತರು.

ಹೆಡ್‌ಮೇಡಂ ಮೈಕ್ ಹಿಡಿದರು. ಪಕ್ಕದಲ್ಲಿ ನಿಂತಿದ್ದ ಗಣಿತದ ಮೇಷ್ಟ್ರು ತುಟಿ ಅಲುಗಿಸದೆ “ಶಾಂತ ಸ್ವಭಾವ, ಶಾಂತ ಸ್ವಭಾವ” ಎಂದು ಪಿಸುಗುಟ್ಟಿದರು.

“ಈ ಹುಡುಗಿ ಬಗ್ಗೆ,” ಎಂದರು ಹೆಡ್‌ಮೇಡಂ, “ಹೇಳೋಕೆ ನನ್ಹತ್ರ ಮಾತಿಲ್ಲ. ಒಂದು ವಾರದಿಂದ ಹುಡುಕಿದೆ, ಸಿಗಲಿಲ್ಲ. ತಪ್ಪು ಇವಳದ್ದಲ್ಲ. ಗಲಾಟೆ ಮಾಡೋರನ್ನ ನೋಡೋದ್ರಲ್ಲೇ ನನ್ನ ವರ್ಷ ಮುಗೀತು. ಇವಳನ್ನ ನಾನು ನೋಡ್ಲೇ ಇಲ್ಲ. ಮಗು, ಕ್ಷಮಿಸಮ್ಮ.”

ಹೆಡ್‌ಮೇಡಂ ಕ್ಷಮೆ ಕೇಳಿದ್ದನ್ನು ಅಲ್ಲಿ ಯಾರೂ ಹಿಂದೆ ಕಂಡಿರಲಿಲ್ಲ. ಹುಡುಗಿ ತಲೆ ಎತ್ತಿ ನೋಡಿದಳು. ಮುಖದಲ್ಲಿ ಬೇಸರವಿರಲಿಲ್ಲ, ಒಂದು ಸಣ್ಣ ನಗು ಇತ್ತು.

“ಪರವಾಗಿಲ್ಲ ಮೇಡಂ. ನಾನು ನಿಮ್ಮನ್ನ ನೋಡಿದೀನಿ. ನಿಮ್ಮ ಬಗ್ಗೆ ನಾನೇ ಒಂದು ಮಾತು ಹೇಳ್ಲಾ?”

ಹೆಡ್‌ಮೇಡಂ ಮೈಕ್ ಕೊಟ್ಟರು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಕ್ಲಾಸಲ್ಲಿ ನಾವು ನಗ್ತಾ ಇದ್ರೆ ನಮ್ಮ ಹೆಡ್‌ಮೇಡಂ ಒಳಗೆ ಬರಲ್ಲ. ನನ್ನ ಬೆಂಚಿನ ಪಕ್ಕದ ಕಿಟಕಿಯಿಂದ ಕಾಣುತ್ತೆ, ಬಾಗಿಲ ಹೊರಗೆ ಗೋಡೆ ಪಕ್ಕ ನಿಂತ್ಕೊಂಡು, ನಮ್ಮ ನಗು ಪೂರ್ತಿ ಮುಗಿಯೋವರೆಗೂ ಕಾಯ್ತಾರೆ. ಒಂದೊಂದ್ಸಲ ಅವ್ರೂ ಬಾಯಿಗೆ ಸೆರಗು ಅಡ್ಡ ಇಟ್ಕೊಂಡು ನಗ್ತಾರೆ. ಆಮೇಲೆ ಮುಖ ಗಂಟು ಹಾಕ್ಕೊಂಡು, ಕೆಮ್ಮಿ, ಒಳಗೆ ಬರ್ತಾರೆ.”

ಚಂಡಮಾರುತ ಮೊದಲು ನಕ್ಕ. ಅವನ ಹಿಂದೆ ಸಾಲು ಸಾಲೇ ನಕ್ಕಿತು, ಟೀಚರುಗಳು ನಕ್ಕರು, ಅಜ್ಜಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ವರ್ಷಗಟ್ಟಲೆ ಕಟ್ಟಿ ಬೆಳೆಸಿದ ಹೆದರಿಕೆಯೆಲ್ಲ ಕಣ್ಣೆದುರೇ ಮಣ್ಣುಪಾಲಾಗುತ್ತಿತ್ತು.

ಹೆಡ್‌ಮೇಡಂ ಕೆಂಪಾದರು. ಅದು ನಿಜ, ಅಕ್ಷರಶಃ ನಿಜ. ನಗುತ್ತಿರುವ ತರಗತಿಗೆ ನುಗ್ಗಿ ಆ ನಗುವನ್ನು ಅರ್ಧಕ್ಕೆ ಕತ್ತರಿಸುವುದು ಅವರಿಂದ ಎಂದೂ ಆಗಿರಲಿಲ್ಲ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ದಿನವಿಡೀ ನೂರಾರು ಮಕ್ಕಳನ್ನು ನೋಡುವವರನ್ನು ತಿರುಗಿ ನೋಡುವ ಎರಡು ಕಣ್ಣು ಆ ಕಟ್ಟಡದಲ್ಲಿ ಇದ್ದವು ಎಂಬುದು ಗೊತ್ತಾಗಿ, ನಾಚಿಕೆಗಿಂತ ಹೆಚ್ಚಾಗಿ ಸಂತೋಷವೇ ಆಯಿತು.

ಅವರು ಮೈಕ್ ವಾಪಸು ತೆಗೆದುಕೊಂಡರು. ನಗು ನಿಲ್ಲುವ ಲಕ್ಷಣವಿರಲಿಲ್ಲ. ಕೆಮ್ಮಿದರೆ ನಿಲ್ಲುತ್ತಿತ್ತೋ ಏನೋ, ಅವರು ಕೆಮ್ಮಲಿಲ್ಲ. ಎಲ್ಲರೆದುರೇ ನಿಂತು ಕಾದರು. ಕೊನೆಯ ಅಜ್ಜಿ ಕಣ್ಣೊರೆಸಿಕೊಂಡ ಮೇಲೆ ಹೇಳಿದರು:

“ಈಗ ಸಿಕ್ತು ಮಾತು. ನನ್ನ ಗುಟ್ಟನ್ನ ವರ್ಷಪೂರ್ತಿ ನೋಡಿಯೂ, ಪಕ್ಕದವಳ ಕಿವಿಗೂ ಹಾಕದೆ, ನನ್ನ ಮರ್ಯಾದೆ ಉಳಿಸಿದ ಹುಡುಗಿ ಇವಳು.”

ಕೆಳಗೆ ಅಮ್ಮ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆ ಗದ್ದಲದಲ್ಲಿ ಹೆಡ್‌ಮೇಡಂ ಪ್ರಮಾಣಪತ್ರ ಕೈಗಿಡುತ್ತಾ, ಮೈಕನ್ನು ದೂರ ಹಿಡಿದು ಮೆಲ್ಲಗೆ ಕೇಳಿದರು: “ಯಾಕಮ್ಮ ಯಾರಿಗೂ ಹೇಳ್ಲಿಲ್ಲ? ಹೇಳಿದ್ರೆ ಯಾರೂ ನಂಗೆ ಹೆದರ್ತಾನೇ ಇರ್ಲಿಲ್ಲವಲ್ಲ.”

“ಹೇಳಿದ್ರೆ ನೀವು ಹೊರಗೆ ನಿಲ್ಲೋದು ಬಿಟ್ಟು ಒಳಗೆ ಬಂದ್ಬಿಡ್ತಿದ್ರಿ ಮೇಡಂ,” ಎಂದಳು ಹುಡುಗಿ.

ಮುಂದಿನ ಹುಡುಗನನ್ನು ವೇದಿಕೆಗೆ ಕರೆಯಲು ಹೆಡ್‌ಮೇಡಂಗೆ ಸ್ವಲ್ಪ ಹೊತ್ತು ಬೇಕಾಯಿತು. ಗಣಿತದ ಮೇಷ್ಟ್ರು ತಮ್ಮ ಕರವಸ್ತ್ರ ಕೊಟ್ಟರು.