ಹೆಡ್ಡಾಳ ರೇನ್‌ಕೋಟು

"ಅಮ್ಮಾ, ಪೆನ್ನು ಎಲ್ಲಿಟ್ಟೆ?" ವೀಬ್ಕೆ ಅಪ್ಪನ ಮೇಜಿನ ಡ್ರಾಯರುಗಳನ್ನು ಒಂದೊಂದಾಗಿ ಎಳೆಯುತ್ತಿದ್ದಳು. ಕಪ್ಪು ಕೋಟಿನ ಒಂದು ತೋಳು ತೊಟ್ಟಾಗಿತ್ತು, ಇನ್ನೊಂದು ನೇತಾಡುತ್ತಿತ್ತು.

"ನನ್ನ ಚೀಲದಲ್ಲಿದೆ," ಎಂದಳು ಹೆಡ್ಡಾ ಅಡುಗೆಮನೆಯಿಂದಲೇ.

"ಇಂಕಿದೆ ತಾನೆ ಅದರಲ್ಲಿ?"

ಹೆಡ್ಡಾ ತೊಳೆದಿಟ್ಟ ಲೋಟವನ್ನೇ ಮತ್ತೆ ನಲ್ಲಿಗೆ ಹಿಡಿದಳು.

"ಇದೆ ಬಿಡು, ಇಲ್ಲೇ ತೋರಿಸ್ತಾ ಇದೆ." ವೀಬ್ಕೆಯ ಮುಂದೆ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಿತ್ತು. ಅಪ್ಪ ಫೋಲ್ಕ್‌ಮಾರನ ಇಂಕ್ ಪೆನ್ನುಗಳೆಲ್ಲ ಅದರ ಪಟ್ಟಿಯಲ್ಲಿ ಸಾಲಾಗಿ ಕೂತಿದ್ದವು. ಪ್ರತಿಯೊಂದಕ್ಕೂ ಫೋಟೋ, ನಿಬ್ಬಿನ ದಪ್ಪ, ಒಳಗಿರುವ ಶಾಯಿಯ ಹೆಸರು. ಹಸಿರು ಪೆನ್ನಿನ ಎದುರು 'ಹೆಡ್ಡಾಳ ರೇನ್‌ಕೋಟು, ತುಂಬಿದೆ' ಎಂದಿತ್ತು.

ಅವನನ್ನು ಮಣ್ಣಿಗೊಪ್ಪಿಸುವ ಈ ದಿನ ಬೇಕಾಗಿದ್ದದ್ದು ಆ ಪೆನ್ನೇ. ಅವನು ಸೇರಿದ್ದ ಬ್ರೆಮೆನ್ನಿನ ಪೆನ್ನುಪ್ರಿಯರ ಕೂಟಕ್ಕೆ ಒಂದು ಪದ್ಧತಿಯಿದೆ. ಗೆಳೆಯನೊಬ್ಬ ಸತ್ತರೆ, ಅವನ ಬೂದಿಯ ಕಲಶವನ್ನು ಮಣ್ಣಿಗಿಳಿಸುವ ದಿನ ಎಲ್ಲರೂ ಒಂದೇ ಹಾಳೆಯಲ್ಲಿ ಒಂದೊಂದು ಸಾಲು ಬರೆದು ಜೊತೆಗಿಡುತ್ತಾರೆ. ಪೆನ್ನು ಅವನದೇ ಆಗಬೇಕು, ಶಾಯಿಯೂ ಅವನ ಕೈಯಾರೆ ತುಂಬಿದ್ದೇ ಆಗಬೇಕು. ಬೇರೆಯವರು ತುಂಬಿದರೆ ಕೂಟದ ಮುದುಕರು ಒಪ್ಪುವವರಲ್ಲ, ಇಂಥ ವಿಷಯದಲ್ಲಿ ಅವರು ಪಾದ್ರಿಗಿಂತ ಬಿಗಿ.

* * *

ಫೋಲ್ಕ್‌ಮಾರ್ ಕನ್ನಡಕದ ಅಂಗಡಿ ಇಟ್ಟಿದ್ದವನು. ಬೀದಿಯವರ ಕಣ್ಣನ್ನೆಲ್ಲ ನೋಡಿಕೊಂಡವನಿಗೆ ಕೊನೆಗೆ ಸ್ವಂತ ಕಣ್ಣೇ ಕೈಕೊಟ್ಟಿತು. ಬಣ್ಣಗಳು ಪೂರ್ತಿ ಅಳಿಸಿಹೋಗುವ ಮುಂಚೆ ಪೆನ್ನು, ಶಾಯಿ ಎಲ್ಲವನ್ನೂ ಬರೆದಿಡಬೇಕೆಂಬ ಹಟ ಹಿಡಿಯಿತು ಅವನಿಗೆ. ವೀಬ್ಕೆ ಸಾಫ್ಟ್‌ವೇರ್ ಹಾಕಿಕೊಟ್ಟಳು. ಅವನು ಹೇಳುವುದು, ಹೆಡ್ಡಾ ಒಂದೇ ಬೆರಳಿನಲ್ಲಿ ಕುಟ್ಟುವುದು.

"ಬಣ್ಣ ಏನಂತ ಹಾಕ್ಲಿ?"

"ಚರ್ಚಿನ ಕಿಲುಬುಗಟ್ಟಿದ ತಾಮ್ರದ ಛಾವಣಿ ಅಂತ ಹಾಕು."

"ಹಸಿರು ಅಂದ್ರೆ ಸಾಲ್ದಾ?"

"ಹಸಿರು ಅನ್ನೋದು ಬಣ್ಣ ಅಲ್ಲ ಕಣೇ, ಸೋಮಾರಿತನ."

ಹೆಡ್ಡಾ ಮೊದಲ ಸಲ ಅವನ ಅಂಗಡಿಗೆ ಬಂದಾಗ ಮೈಮೇಲೊಂದು ರೇನ್‌ಕೋಟಿತ್ತು. ನೀಲಿಯೋ ಹಸಿರೋ ಹೇಳಲಾಗದ ಬಣ್ಣ. ಮುರಿದ ಕನ್ನಡಕ ಹಿಡಿದು ನೆಲವೆಲ್ಲ ಒದ್ದೆ ಮಾಡುತ್ತ ನಿಂತಿದ್ದಳು. ಆ ಕೋಟು ಮನೆ ಬದಲಿಸುವಾಗ ಎಲ್ಲೋ ಕಳೆದುಹೋಯಿತು. ಅಂದಿನಿಂದ ಫೋಲ್ಕ್‌ಮಾರ್ ಸೀಸೆಗಳ ತಳದಲ್ಲಿ ಉಳಿದ ಶಾಯಿಗಳನ್ನು ಬೆರೆಸಿ ಬೆರೆಸಿ ಆ ಬಣ್ಣವನ್ನು ಹುಡುಕುತ್ತಲೇ ಇದ್ದ. ಹೆಡ್ಡಾ ಒಪ್ಪುತ್ತಲೇ ಇರಲಿಲ್ಲ. "ನನ್ನ ಕೋಟಿಗೆ ಇಷ್ಟು ಜಂಬ ಇರಲಿಲ್ಲ," ಅನ್ನುವಳು.

ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋದ ಮೇಲೆ, ಒಂದು ಮಧ್ಯಾಹ್ನ ಅವನು ಗೀಚಿ ಚಾಚಿದ ಕಾಗದವನ್ನು ಹೆಡ್ಡಾ ಕಿಟಕಿಯ ಬೆಳಕಿಗೆ ಒಯ್ದಳು.

"ಏನು, ಇದೂ ಅಲ್ವಾ?"

"ಇದೇ," ಎಂದಳು. "ಬೆರೆಸಿದ ಅಳತೆ ಹೇಳು, ಹಾಕ್ತೀನಿ."

"ಅಳತೆ ಯಾರಿಟ್ಟಿದ್ರು? ನೀನು ಇದೇ ಅಂದ್ಯಲ್ಲ, ಸಾಕು."

ಆದದ್ದೇ ಒಂದು ಪೆನ್ನಿನಷ್ಟು ಶಾಯಿ. ಅಷ್ಟನ್ನೂ ಅವನು ತಡವರಿಸುತ್ತ ಹಸಿರು ಪೆನ್ನಿಗೆ ತುಂಬಿದ.

* * *

ಅವನು ತೀರಿಕೊಂಡದ್ದು ಆ ಪ್ರೋಗ್ರಾಮಿಗೆ ಯಾರೂ ಹೇಳಿರಲಿಲ್ಲ. ದಹನ ಮುಗಿದು, ಕಲಶ ಇಡಲು ಸ್ಮಶಾನದವರು ಕೊಡುವ ದಿನಕ್ಕಾಗಿ ಕಾಯುತ್ತಿದ್ದಾಗ, ಒಂದು ಬೆಳಗ್ಗೆ ಲ್ಯಾಪ್‌ಟಾಪು ಟಿಣ್ ಎಂದಿತು. 'ಹಸಿರು ಪೆನ್ನು: ತೊಳೆಯುವ ಸಮಯ.' ಶಾಯಿ ಒಳಗೇ ಒಣಗಿ ಪೆನ್ನು ಕೆಡದಿರಲೆಂದು ಅದು ಹಾಗೆ ನೆನಪಿಸುತ್ತಿತ್ತು. ಆ ಸದ್ದಾದಾಗಲೆಲ್ಲ ಫೋಲ್ಕ್‌ಮಾರ್ ಕುರ್ಚಿಯಿಂದಲೇ "ಹೆಡ್ಡಾ, ಕರೀತಾ ಇದೆ ನೋಡು" ಅನ್ನುತ್ತಿದ್ದ, ಅವಳು ಗೊಣಗುತ್ತ ಏಳುತ್ತಿದ್ದಳು. ಆ ಬೆಳಗ್ಗೆಯೂ ಎದ್ದಳು. ಕೈಗೆ ಕೆಲಸ ಗೊತ್ತಿತ್ತು: ನೀರು ಎಳೆ, ಬಿಡು, ಮತ್ತೆ ಎಳೆ. ಬಿಳಿ ಸಿಂಕಿನಲ್ಲಿ ಆ ಬಣ್ಣ ಹರಿಯುವುದು ಕಂಡಾಗಲೇ ಅವಳಿಗೆ ಎಚ್ಚರವಾದದ್ದು. ತೂತಿನ ಮೇಲೆ ಅಂಗೈ ಒತ್ತಿ ಹಿಡಿದಳು. ಅದು ಬೆರಳ ಸಂದಿನಲ್ಲಿ ಇಳಿದುಹೋಯಿತು.

ಲ್ಯಾಪ್‌ಟಾಪಿನಲ್ಲಿ 'ತೊಳೆದಿದೆ' ಎಂಬ ಗುಂಡಿಯನ್ನು ಮಾತ್ರ ಅವಳ ಕೈಯಿಂದ ಒತ್ತಲಾಗಲಿಲ್ಲ.

* * *

"ಇದಾದ್ಮೇಲಿನ ಕಾಫಿಗೆ ಬೆಣ್ಣೆ ಕೇಕು ಜಾಸ್ತೀನೇ ಹೇಳಿದ್ದೀ ತಾನೆ, ವೀಬ್ಕೆ?" ಸ್ಮಶಾನದ ಪ್ರಾರ್ಥನಾಗೃಹದ ಬಾಗಿಲಲ್ಲಿ ಐಲರ್ಟ್ ಕೇಳಿದ. ಕೂಟಕ್ಕೆಲ್ಲ ಹಿರಿಯ ಅವನು. "ನಮ್ಮೋರು ಅಳು ಬಂದ್ರೆ ಎರಡರಷ್ಟು ತಿಂತಾರೆ."

"ಹೇಳಿದ್ದೀನಿ ಐಲರ್ಟ್ ಮಾಮ."

"ಎಲ್ಲಿ ಹೆಡ್ಡಾ, ಕೊಡು ಅವನ ಪೆನ್ನು."

ಹೆಡ್ಡಾ ಕೊಟ್ಟಳು. ಐಲರ್ಟ್ ಅಭ್ಯಾಸದಂತೆ ಅದನ್ನು ಬೆಳಕಿಗೆ ಹಿಡಿದ. ಶಾಯಿಯ ಮಟ್ಟ ತೋರಿಸುವ ಪುಟ್ಟ ಕಿಂಡಿಯಲ್ಲಿ ಆಚೆಯ ಆಕಾಶ ಕಂಡಿತು. ಅವನು ತಟ್ಟನೆ ಪೆನ್ನನ್ನು ಮುಷ್ಟಿಯಲ್ಲಿ ಮರೆಮಾಡಿದ. ಅಷ್ಟರಲ್ಲಿ ವೀಬ್ಕೆ ನೋಡಿಬಿಟ್ಟಿದ್ದಳು.

"ಅಮ್ಮಾ?"

"ತೊಳೆದುಬಿಟ್ಟೆ."

"ತೊಳೆದ್ಯಾ? ಅದು ಇನ್ಮೇಲೆ ಸಿಗಲ್ಲ ಅಂತ ಗೊತ್ತಿದ್ದೂ?"

"ಅದು ಕರೀತು ಕಣೇ. ಅವನೇ ಕರೆದ ಹಾಗಾಯ್ತು, ಎದ್ದು ಹೋದೆ." ಹೆಡ್ಡಾ ಅಂಗೈ ತೆರೆದು ನೋಡಿಕೊಂಡಳು. "ನಾನೇ ಚೆಲ್ಲಿದೆ. ನನ್ನ ಕೈಯಾರೆ."

ವೀಬ್ಕೆಯ ಕೋಪ ಅರ್ಧಕ್ಕೇ ನಿಂತಿತು. "ಆ ಗಂಟೆ ಬಾರಿಸೋ ಹಾಗೆ ಮಾಡಿಟ್ಟಿದ್ದು ನಾನು," ಎಂದವಳೇ ಅಮ್ಮನ ಭುಜಕ್ಕೆ ಮುಖ ಒತ್ತಿ ಬಿಕ್ಕತೊಡಗಿದಳು.

ಕೂಟದವನೊಬ್ಬ ಜೇಬಿನಿಂದ ತನ್ನ ಸೀಸೆ ತೆಗೆಯಲು ಹೋದ. ಐಲರ್ಟ್ ಅವನನ್ನು ಗದರಿದ: "ಒಳಗಿಡು ಅದನ್ನ." ಪೆನ್ನು ಹಿಡಿದು, ಗೋರಿಯ ಗಿಡಗಳಿಗೆ ಜನ ನೀರು ಹಿಡಿಯುವ ನಲ್ಲಿಯತ್ತ ನಡೆದ. ನಿಬ್ಬನ್ನು ಅಲ್ಲಿನ ತೊಟ್ಟಿಯ ನೀರಿಗದ್ದಿ, ಹಿಂದಿನ ತಿರುಪು ತಿರುಗಿಸಿ ನೀರೆಳೆದುಕೊಂಡು ತಂದ.

"ಎಷ್ಟೇ ತೊಳೆದ್ರೂ ನಿಬ್ಬಿನ ಕೆಳಗಿನ ಸಂದಿಯಲ್ಲಿ ಒಂಚೂರು ಉಳಿದಿರುತ್ತೆ. ಅದು ಅವನು ತುಂಬಿದ್ದೇ. ನೀನೇ ಮೊದಲು ಬರಿ ಹೆಡ್ಡಾ, ಬಣ್ಣ ಇರೋವಾಗಲೇ."

"ನಾನು ನೋಡಿದ್ದೀನಿ," ಎಂದಳು ಹೆಡ್ಡಾ. "ಇವಳು ಬರೀಲಿ. ಇವಳು ಆ ಕೋಟನ್ನ ನೋಡೇ ಇಲ್ಲ."

ಕಲಶಕ್ಕೆಂದು ತೋಡಿದ ಗುಂಡಿಯ ಪಕ್ಕ ಐಲರ್ಟ್ ಬಗ್ಗಿ ಬೆನ್ನು ಕೊಟ್ಟ. ವೀಬ್ಕೆ ಅದರ ಮೇಲೆ ಹಾಳೆಯಿಟ್ಟು 'ಅಪ್ಪ' ಎಂದು ಬರೆದಳು. ತೆಳ್ಳಗೆ ಒಂದು ಬಣ್ಣ ಮೂಡಿತು, ನೀಲಿಯೋ ಹಸಿರೋ ಹೇಳಲಾಗದ್ದು.

"ಇದೇನಾ ಅಮ್ಮ?"

"ಇದೇ. ಮಳೇಲಿ ಚೆನ್ನಾಗಿ ನೆನೆದಾಗ ಹೀಗೇ ಕಾಣ್ತಿತ್ತು."

ಐಲರ್ಟನ ಸಾಲು ಇನ್ನೂ ತೆಳುವಾಯಿತು. ಅವನ ನಂತರದವರದು ಕಣ್ಣು ಕಿರಿದು ಮಾಡಿ ಹುಡುಕಿದರಷ್ಟೇ ಸಿಗುವಂತಿತ್ತು. ಹೆಡ್ಡಾಳ ಸರದಿ ಬರುವ ಹೊತ್ತಿಗೆ ಪೆನ್ನಿನಿಂದ ಬರೀ ನೀರು ಬರುತ್ತಿತ್ತು.

ಅವಳು ಬರೆದಳು. ಒಂದು ಸಾಲಿಗೆ ನಿಲ್ಲಿಸಲಿಲ್ಲ. ಪಾದ್ರಿ ಕಾದ, ಬೆನ್ನು ಬಗ್ಗಿಸಿ ನಿಂತ ಐಲರ್ಟ್ ಕದಲಲಿಲ್ಲ. ಕಾಗದದ ಮೇಲೆ ನಿಬ್ಬು ಕೆರೆಯುವ ಸದ್ದೊಂದೇ ಕೇಳುತ್ತಿತ್ತು. ಗಾಳಿಯಿತ್ತು. ಅವಳು ಕೊನೆಯ ಮಾತು ಮುಗಿಸುವಷ್ಟರಲ್ಲಿ ಮೊದಲ ಮಾತು ಆರಿ, ಹಾಳೆಯ ಆ ಭಾಗ ಬೆಳ್ಳಗಾಗಿತ್ತು.