ಹೆಂಗಸರಿಗೆ ವೋಟು ಬಂದ ಭಾನುವಾರ

ಅಣ್ಣಾ ನಗರದ ನಮ್ಮ ಕನ್ನಡ ಸಂಘದಲ್ಲಿ ಸದಸ್ಯತ್ವ ಗಂಡನ ಹೆಸರಿಗೆ. ಹೆಂಡತಿ ಹಾಡಬಹುದು, ರಂಗೋಲಿ ಹಾಕಬಹುದು, ನೂರು ಜನಕ್ಕೆ ಕೋಸಂಬರಿ ಕಲೆಸಬಹುದು. ವೋಟು ಮಾತ್ರ ಇಲ್ಲ. ಇದನ್ನು ತಿದ್ದಿಸಲು ಹತ್ತೊಂಬತ್ತು ವರ್ಷ ಅರ್ಜಿ ಕೊಟ್ಟು ಸುಸ್ತಾಗಿದ್ದೆ. ವಿಮಾ ಕಚೇರಿಯಲ್ಲಿ ಮೂವತ್ತು ಜನರನ್ನು ಆಳಿದವಳು ಇಲ್ಲಿ ಬರೀ ಮಿಸೆಸ್ ತಿರುಮಲೇಶ.

ಈ ಭಾನುವಾರದ ಮಹಾಸಭೆಯಲ್ಲಿ ಕಾರ್ಯದರ್ಶಿ ಶಂಕರನಾರಾಯಣ, ಎರಡು ಹೋಟೆಲುಗಳ ಯಜಮಾನರು, ತಾವಾಗಿಯೇ ನಿರ್ಣಯ ಓದಿದರು: ಇನ್ನು ಮುಂದೆ ಹೆಂಗಸರಿಗೂ ವೋಟು. ನಮ್ಮಲ್ಲಿ ಕೈ ಎತ್ತುವ ಪದ್ಧತಿಯಿಲ್ಲ, ಚಪ್ಪಾಳೆ ಬಿದ್ದರೆ ನಿರ್ಣಯ ಪಾಸು. ಮೊದಲು ತಟ್ಟಿದವಳು ನಾನೇ. ಕಣ್ಣಲ್ಲಿ ನೀರೂ ಬಂತು, ಸುಳ್ಳೇಕೆ ಹೇಳಲಿ.

ಚಪ್ಪಾಳೆ ನಿಲ್ಲುವ ಮೊದಲೇ ಅವರು ಎರಡನೆಯದನ್ನೂ ಓದಿಬಿಟ್ಟರು. ಮಹಿಳೆಯರ ರಕ್ಷಣೆಗಾಗಿ, ಸಂಘದ ಹಿತ್ತಲಿನ ಬಾಡಿಗೆ ಕೋಣೆಗಳಲ್ಲಿರುವ ಒಡಿಶಾದವರನ್ನು ತಿಂಗಳೊಳಗೆ ಖಾಲಿ ಮಾಡಿಸುವುದು. ನನ್ನ ಕೈ ಇನ್ನೂ ತಟ್ಟುತ್ತಲೇ ಇತ್ತು.

"ಎರಡೂ ಸರ್ವಾನುಮತ," ಎಂದು ಬರೆದುಕೊಂಡರು.

ನಾನು ಎದ್ದು ನಿಂತೆ. "ಎರಡನೇದು ನಾನು ಒಪ್ಪಲ್ಲ. ಅವರು ಯಾರಿಗೆ ಏನು ಮಾಡಿದಾರೆ?"

"ಮಾಡುವ ಮುಂಚೆ ನೋಡಿಕೊಳ್ಬೇಕಲ್ಲ ಅಂಬುಜಕ್ಕ? ಹೊರಗಿಂದ ಬಂದ ಗಂಡಸ್ರು. ಹೆಂಗಸ್ರಿಗೆ ಮರ್ಯಾದೆ ಕೊಟ್ಟು ಗೊತ್ತಿಲ್ಲ ಅವ್ರಿಗೆ."

"ಈ ತಮಿಳು ಊರಿಗೆ ನಾವೂ ಹೊರಗಿಂದ ಬಂದೋರೇ. ಆ ಕೋಣೆಗಳಲ್ಲಿ ಸಬಿತಾನೂ ಇದಾಳೆ. ಅವಳೂ ಹೆಂಗಸೇ ತಾನೆ?"

"ಅವ್ರ ಹೆಂಗಸ್ರಿಗೆ ಅದೆಲ್ಲ ಅಭ್ಯಾಸ ಉಂಟು. ಇದು ನಿಮಗೋಸ್ಕರವೇ ಅಲ್ವಾ? ಎರಡೂ ಒಟ್ಟಿಗೆ ಪಾಸಾದದ್ದು. ಬೇಡ ಅಂದ್ರೆ ಎರಡನ್ನೂ ಹೊಡೆದು ಹಾಕುವಾ."

ಪಕ್ಕದಲ್ಲಿದ್ದ ಪ್ರೇಮಮ್ಮ ನನ್ನ ಸೆರಗು ಜಗ್ಗಿದಳು. "ಕೂತ್ಕೊಳೇ ಅಂಬುಜಾ. ಇನ್ನೆಷ್ಟು ವರ್ಷ ಕಾಯೋದು?"

ಮಂಡಿ ನೋಯುತ್ತಿತ್ತು. ಜಗಳಕ್ಕೆ ಬೇಕಾದ ಉಸಿರೂ ನನ್ನಲ್ಲಿ ಉಳಿದಿರಲಿಲ್ಲ. ಕೂತೆ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಅಷ್ಟರಲ್ಲಿ ಸಬಿತಾ ಕಾಫಿ ತಂದಳು. ಸಂಘದ ಹಾಲ್ ಗುಡಿಸುವುದು, ಸಭೆಗೆ ಕಾಫಿ ಕೊಡುವುದು ಅವಳ ಕೆಲಸ. ಕನ್ನಡ ಬಾರದು. ಜನ ಯಾಕೆ ಅಷ್ಟು ಖುಷಿಪಟ್ಟರೆಂದು ತನ್ನ ಹರಕು ತಮಿಳಿನಲ್ಲಿ ಕೇಳಿದಳು.

ಹೆಂಗಸರಿಗೆ ವೋಟು ಬಂತು ಎಂದು ತಮಿಳಿನಲ್ಲೇ ಹೇಳಿದೆ. ಕೋಣೆ ಖಾಲಿ ಮಾಡಿಸುವ ಮಾತನ್ನು ಬಿಟ್ಟುಬಿಟ್ಟೆ.

ಅವಳ ಮುಖ ಅರಳಿತು. "ಅಪ್ಪೊ ಇನಿಮೇ ನೀಂಗ ಸೊನ್ನಾ ಕೇಪ್ಪಾಂಗ, ಅಕ್ಕಾ!" ಎಂದಳು. ಇನ್ನು ನೀವು ಹೇಳಿದರೆ ಕೇಳುತ್ತಾರೆ ಅಂತ. ಆಮೇಲೆ ದನಿ ತಗ್ಗಿಸಿ, ಹಿತ್ತಲಿನ ಬಚ್ಚಲಿಗೆ ಒಳಗಿನಿಂದ ಚಿಲಕವಿಲ್ಲ, ಶಂಕರನಾರಾಯಣ ಸಾರ್‌ಗೆ ಒಂದು ವರ್ಷದಿಂದ ಹೇಳುತ್ತಿದ್ದೇನೆ, ಸ್ನಾನಕ್ಕೆ ಹೋಗಲು ಭಯವಾಗುತ್ತದೆ, ನೀವಾದರೂ ಹಾಕಿಸಿಕೊಡಿ ಎಂದಳು.

ಹಾಕಿಸುತ್ತೇನೆ ಅಂದುಬಿಟ್ಟೆ.