ಇನ್ನೊಂದೀಟ ಇಳಸು

ಐಶ್ವರ್ಯ ಗಿಟಾರಿನ ಕೊನೆಯ ಬಿರಡೆಯನ್ನು ತಿರುವಿ, ಮೊಬೈಲಿನ ಪರದೆಯ ಮೇಲೆ ಸುರ ಸರಿಯೆಂದು ತೋರಿಸುವ ಹಸಿರು ಗೀಟು ಮೂಡಿದ್ದನ್ನು ನೋಡಿ, "ಆತು, ಈಗ ಶುರು ಮಾಡ್ರಿ" ಎಂದಳು.

ತೀರಿಕೊಂಡಿದ್ದ ಅವಳ ಅವ್ವ ಲಕ್ಕವ್ವನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ, ಮೈಮೇಲೆ ಹಸಿರು ಇಳಕಲ್ ಸೀರೆ. ಎದುರಿಗೆ ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ ಅವಳ ಜೊತೆ ದ್ರಾಕ್ಷಿ ಆರಿಸುತ್ತಿದ್ದ ಹೆಂಗಸರು ಒತ್ತೊತ್ತಾಗಿ ಕುಳಿತಿದ್ದರು. ಐಶ್ವರ್ಯ ತಂತಿ ಮೀಟಿದಳು. ಹೆಂಗಸರು ಲಕ್ಕವ್ವ ತಾನೇ ಕಟ್ಟಿದ್ದ ಹಾಡನ್ನು ಎತ್ತಿಕೊಂಡರು:

ಕಡ್ಡಿ ತಗದೀವ, ಕಲ್ಲ ತಗದೀವ,
ಸಿಹಿ ಅಷ್ಟ ಉಳಿಸೇವ...

ಎರಡನೆಯ ಸಾಲು ಮೇಲೇರುವಷ್ಟರಲ್ಲಿ ಮಾಬುಬಿಯ ದನಿ ಹುಂಜ ಕೂಗಿದಂತೆ ಒಡೆಯಿತು. ಪಕ್ಕದವಳೂ ನಿಂತಳು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

"ಯವ್ವಾ, ನನ್ನ ಗಂಟ್ಲ ಹರೀತು!" ಎಂದಳು ಮಾಬುಬಿ. "ಐಶು, ಎಷ್ಟ ಮ್ಯಾಲ ಏರಿಸೀಯ ಬೇ?"

"ಸರಿಯಾಗೇ ಐತಿ ಚಾಚಿ. ಮೊಬೈಲ ತಪ್ಪ ಹೇಳೂದಿಲ್ಲ."

"ಮೊಬೈಲಿಗೆ ಸರಿ ಇರಬಹುದವಾ, ನಿಮ್ಮವ್ವಗ ಸರಿ ಬಂದಿಲ್ಲ. ಆಕಿ ಏನ ಹೇಳಿದ್ಲು? 'ನನ್ನ ಮಣ್ಣಿನ ದಿನ ಅಳಬ್ಯಾಡ್ರಿ, ಹಾಡ್ರಿ. ಸುರ ತಪ್ಪಿದ್ರ ಎದ್ದು ಕುಂಡ್ರತೀನಿ' ಅಂದಿದ್ಲು. ನೋಡಲ್ಲಿ, ಎದ್ದು ಕುಂತಾಳ!"

ನಗು ಪಡಸಾಲೆ ದಾಟಿ ಅಂಗಳದ ಗಂಡಸರವರೆಗೂ ಹೋಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡವರ ಕಣ್ಣಿನಲ್ಲಿ ನೀರೂ ಇತ್ತು. ಐಶ್ವರ್ಯಳ ಅಪ್ಪ ರಾಯಪ್ಪನೊಬ್ಬ ನಗಲಿಲ್ಲ. ಬೆಳಗಿನಿಂದ ಹೆಂಡತಿಯ ಮಗ್ಗುಲಲ್ಲಿ ಕುಳಿತವನು ಚಹಾ ಬೇಕೆಂದೂ ಅಂದಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ.

*

ಆ ಗಿಟಾರು ಮನೆಗೆ ಬಂದದ್ದು ಐಶ್ವರ್ಯಳಿಗಾಗಿ. ಹೈಸ್ಕೂಲಿನಲ್ಲಿದ್ದಾಗ ಬೇಕೇ ಬೇಕೆಂದು ಹಟ ಹಿಡಿದಿದ್ದಳು. ರಾಯಪ್ಪ ಟೆಂಪೊ ಓಡಿಸುತ್ತಿದ್ದ. ಒಂದು ದಿನ ದ್ರಾಕ್ಷಿ ಪೆಟ್ಟಿಗೆಗಳನ್ನು ವಿಜಯಪುರದಲ್ಲಿ ಇಳಿಸಿದ ಮೇಲೆ ಲಕ್ಕವ್ವನನ್ನೂ ಕರೆದುಕೊಂಡು ಗಾಂಧಿ ಚೌಕದ ಹಿಂದಿನ ಓಣಿಯಲ್ಲಿದ್ದ ಸೈಫುದ್ದೀನನ ವಾದ್ಯದಂಗಡಿಗೆ ಹೋದ. ಸೈಫುದ್ದೀನ ಹಳೆಯದೊಂದು ಗಿಟಾರನ್ನು ಒರೆಸಿ, ಆರೂ ತಂತಿಗಳನ್ನು ಒಂದೊಂದಾಗಿ ಮೀಟಿ ತೋರಿಸಿದ. ಲಕ್ಕವ್ವ ಅದನ್ನು ಕೇಳಿದ್ದು ಆಗಲೇ ಮೊದಲು.

ಬೆರಳ ತುದಿ ಉರಿಯುತ್ತದೆಂದು ಐಶ್ವರ್ಯ ಬೇಗನೆ ಅದನ್ನು ಗೂಟಕ್ಕೆ ತೂಗುಹಾಕಿದಳು. ಮಳೆಗಾಲದಲ್ಲಿ ತಂತಿಗಳು ಸಡಿಲಾದವು. ಧೂಳು ಒರೆಸುವಾಗ ಲಕ್ಕವ್ವನ ಕೈ ತಾಗಿ ಅದು ಸೊರಗಿದ ದನಿ ಹೊರಡಿಸಿತು. ಅವಳು ಅದನ್ನು ಇಳಿಸಿಕೊಂಡು ಹೊಸ್ತಿಲ ಬಳಿ ಕುಳಿತಳು.

"ತಂದ ದಿನ ಹಿಂಗಿರಲಿಲ್ರಿ ಇದು."

"ಹ್ಯಾಂಗಿತ್ತು ಅಂತ ಈಗ ನಿನಗೇನ ಗೊತ್ತು?" ಎಂದ ರಾಯಪ್ಪ.

"ಗೊತ್ತೈತಿ. ನಿಮ್ಮವ್ವನ ದನಿ ನಿಮಗ ಮರತೈತೇನು? ಹಂಗ."

ರಾಯಪ್ಪನ ತಾಯಿ ತೀರಿ ಎಷ್ಟೋ ವರ್ಷಗಳಾಗಿದ್ದವು. ದನಿ ಮಾತ್ರ ಮರೆತಿರಲಿಲ್ಲ.

ಲಕ್ಕವ್ವ ಕಣ್ಣು ಮುಚ್ಚಿ, ಅಂಗಡಿಯ ದನಿಯನ್ನು ನೆನಪಿನಿಂದ ಕರೆದು, ಬಾಯಿಯಲ್ಲಿ ಸಣ್ಣಗೆ ಗುನುಗಿ, ಅದಕ್ಕೆ ಸರಿಯಾಗಿ ಬಿರಡೆ ತಿರುವಿದಳು. ನುಡಿಸಲು ಬಾರದ ಹೆಂಗಸು ಬರೀ ಸುರ ಕೂಡಿಸಿ ತಿರುಗಿ ಗೂಟಕ್ಕೆ ಹಾಕುತ್ತಿದ್ದಳು. ಮರುದಿನ ನಸುಕಿನಲ್ಲಿ ಮತ್ತೆ ಟಿಂಯ್ ಟಿಂಯ್. ರಾಯಪ್ಪ ಕೌದಿಯನ್ನು ಕಿವಿಯ ಮೇಲೆ ಎಳೆದುಕೊಂಡು, "ಆತಲ್ಲ, ಇನ್ನ ಬಿಡ" ಎನ್ನುತ್ತಿದ್ದ. "ಆಗಿಲ್ರಿ" ಎನ್ನುತ್ತಿದ್ದಳು.

ನುಡಿಸುವುದನ್ನು ಆಮೇಲೆ, ತನ್ನಷ್ಟಕ್ಕೆ ತಾನೇ ಕಲಿತಳು. ಗಿಟಾರು ಶೆಡ್ಡಿಗೂ ಹೋಯಿತು. ಆರಿಸುವವರು ಹಾಡತೊಡಗಿದರು. ಬಬಲೇಶ್ವರದ ಒಂದು ಮದುವೆಗೆ ಕರೆ ಬಂದಾಗ ಅಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದ ಮಾಸ್ತರರು, "ಅಕ್ಕಾರ, ನಿಮ್ಮ ಸುರ ನನ್ನ ಪೇಟಿಗೆ ಕೂಡೂದಿಲ್ಲ, ಒಂಚೂರು ಏರಿಸ್ರಿ" ಎಂದರು. "ನಮ್ಮ ಮಂದಿ ಗಂಟ್ಲ ಇದಕ್ಕ ಕೂಡೈತ್ರಿ. ನೀವು ಸುಮ್ಮನ ಊಟ ಮಾಡ್ರಿ" ಎಂದಳು ಲಕ್ಕವ್ವ. ಮಾಸ್ತರರು ನಕ್ಕು ಪೇಟಿ ಮುಚ್ಚಿ, ಹೋಳಿಗೆಯ ಪಂಕ್ತಿಗೆ ಎದ್ದು ಹೋದರು.

*

"ಈ ಗಿಟಾರಿನ ಕೊರಳ ಸಡ್ಲಿತ್ತವಾ" ಎಂದ ಸೈಫುದ್ದೀನ. ಸುದ್ದಿ ತಿಳಿದು ವಿಜಯಪುರದಿಂದ ಬಂದಿದ್ದ ಮುದುಕ, ಚಪ್ಪಲಿ ಬಿಟ್ಟು ಒಳಗೆ ಬರುತ್ತಲೇ ಗಿಟಾರನ್ನು ಗುರುತು ಹಿಡಿದಿದ್ದ. "ಬಿಗದ್ರ ಮುರೀತೈತಿ ಅಂತ ನಾನಽ ಎಲ್ಲಾ ತಂತಿ ಇಳಿಸಿ ಕೊಟ್ಟಿದ್ದೆ. ನಿಮ್ಮವ್ವ ಆ ಇಳಿದ ಸುರಾನ ಹಿಡಕೊಂಡಾಳ!"

"ಎಷ್ಟ ಇಳಿಸಿದ್ರಿ ಚಾಚಾ?"

"ಯಾ ಖುದಾ, ಅದ್ಯಾರಿಗೆ ನೆನಪಿರ್ತೈತಿ? ನನಗಂತೂ ಇಲ್ಲ."

ಐಶ್ವರ್ಯ ಮೊಬೈಲನ್ನು ಬದಿಗಿಟ್ಟು ತಂತಿ ಸಡಿಲಿಸಿದಳು. "ಇಷ್ಟ?" ಒಬ್ಬಳು ಸಾಕೆಂದಳು. ಇನ್ನೊಬ್ಬಳು ಇನ್ನೂ ಮೇಲಿದೆ ಎಂದಳು. ಮತ್ತೂ ಇಳಿಸಿದರೆ ಹಾಡು ಗೊರಕೆಯಂತೆ ಕೇಳಿಸಿತು. ಹೊರಗೆ ಲಕ್ಕವ್ವನನ್ನು ಕೂರಿಸಿ ಹೊತ್ತೊಯ್ಯುವ ವಿಮಾನಕ್ಕೆ ಬಾಳೆಕಂಬ ಕಟ್ಟಿ ಮುಗಿದಿತ್ತು. "ಹೊತ್ತಾತು, ಎತ್ತೂಣು ನಡೀರಿ" ಎಂದು ಯಾರೋ ಕೂಗಿದರು. ಅವ್ವ ಕೇಳಿದ್ದು ಇದೊಂದೇ, ಅದೂ ತನ್ನಿಂದ ಆಗುತ್ತಿಲ್ಲ. ಐಶ್ವರ್ಯಳ ಕಣ್ಣು ತುಂಬಿ ಬಂದವು.

"ಒಂಚೂರು ಏರಿಸು."

ಗೋಡೆಯ ಕಡೆಯಿಂದ ಬಂದ ಆ ಮಾತು ಯಾರದೆಂದು ಯಾರಿಗೂ ತಕ್ಷಣ ತಿಳಿಯಲಿಲ್ಲ.

"ಏರಿಸು ಐಶು" ಎಂದ ರಾಯಪ್ಪ. ಅವನ ಕಣ್ಣು ಮುಚ್ಚಿದ್ದವು. "ಹಾಂ... ಭಾಳಾತು. ಇನ್ನೊಂದೀಟ ಇಳಸು. ಹಾಂ. ಅಲ್ಲೇ ಬಿಡು."

ಮಾಬುಬಿ ಆ ತಂತಿಗೆ ದನಿ ಕೂಡಿಸಿ ಮೊದಲ ಸಾಲು ಹಾಡಿದಳು. ದನಿ ತಡೆಯಿಲ್ಲದೆ ಮೇಲೇರಿ, ಮೆತ್ತಗೆ ಇಳಿಯಿತು. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಯಪ್ಪಾ, ನಿನಗ ಹ್ಯಾಂಗ ಗೊತ್ತು?" ಐಶ್ವರ್ಯ ಕೇಳಿದಳು. "'ನನಗೇನ ತಿಳೀತೈತಿ, ನಾ ಟೆಂಪೊದಾಂವ' ಅಂತಿದ್ದಿ."

ರಾಯಪ್ಪ ಅಪ್ಪಣೆ ಕೇಳುವವನಂತೆ ಹೆಂಡತಿಯ ಮುಖ ನೋಡಿದ.

"ಆಕಿಗೆ ಕಿವಿ ಕೇಳಸ್ತಿರಲಿಲ್ಲ" ಎಂದ.

*

ಲಕ್ಕವ್ವನ ಒಂದು ಕಿವಿ ಮೊದಲು ಮಂದವಾಯಿತು, ಆಮೇಲೆ ಇನ್ನೊಂದು. ತುಟಿ ನೋಡಿ ಮಾತು ಹಿಡಿಯುತ್ತಿದ್ದಳಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಒಂದು ನಸುಕಿನಲ್ಲಿ ಟಿಂಯ್ ಟಿಂಯ್ ಸದ್ದು ಎಷ್ಟು ಹೊತ್ತಾದರೂ ಮುಗಿಯದಿದ್ದಾಗ ರಾಯಪ್ಪ ಕೌದಿ ಸರಿಸಿ ಎದ್ದು ಬಂದ. ಲಕ್ಕವ್ವ ಗಿಟಾರಿಗೆ ಗಲ್ಲ ಹಚ್ಚಿ ಕುಳಿತಿದ್ದಳು.

"ಹ್ಯಾಂಗ ಇರಬೇಕು ಅಂತ ತಲಿಯಾಗ ಐತ್ರಿ. ಹ್ಯಾಂಗ ಐತಿ ಅಂತ ಕೇಳಸವಲ್ದು" ಎಂದಳು.

ಅವನು ಎದುರಿಗೆ ಕುಳಿತ. "ಮೀಟು" ಎಂದ. ಅವಳು ಮೀಟಿದಳು. ಕೌದಿಯೊಳಗೆ ಅಷ್ಟು ವರ್ಷ ಬೇಡವೆಂದರೂ ಕಿವಿಗೆ ಬಿದ್ದದ್ದು ಎಲ್ಲಿಗೂ ಹೋಗಿರಲಿಲ್ಲ. ಅವನು ಅಂಗೈಯನ್ನು ಮೇಲೆ ಮಾಡಿದ, ಕೆಳಗೆ ಮಾಡಿದ, ಕೊನೆಗೆ ಸರಿಯೆಂದು ತಲೆಯಾಡಿಸಿದ. ಲಕ್ಕವ್ವ ಸೆರಗು ಮುಚ್ಚಿಕೊಂಡು ಹುಡುಗಿಯಂತೆ ನಕ್ಕಳು.

"ಕಳ್ಳ! 'ನನಗೇನ ತಿಳೀತೈತಿ' ಅಂತಿದ್ರಿ?"

"ಯಾರಿಗೂ ಹೇಳಬ್ಯಾಡ" ಎಂದ.

"ನೀವೂ ಹೇಳಬ್ಯಾಡ್ರಿ" ಎಂದಳು.

*

"ಅದಕ್ಕಽ!" ಮಾಬುಬಿ ನೆಲ ತಟ್ಟಿದಳು. "ಅದಕ್ಕ ನೀ ದಿನಾ ಕೈ ಏರಿಸಿ ಇಳಿಸ್ಕೋತ ಶೆಡ್ಡಿನ ಬಾಗಿಲದಾಗ ಕುಂಡ್ರತಿದ್ದಿ! 'ಲೋಡ್ ಆಗ್ಲಿ ಅಂತ ಕಾಯಾಕತ್ತೇನಿ' ಅಂತಿದ್ದಿ. ಟೆಂಪೊ ಮಾರಿದ ಮ್ಯಾಲೂ ಕಾಯತಿದ್ದಿ! ರಾಯಪ್ಪಣ್ಣಗ ಅರಳುಮರಳು ಅಂತ ನಾವು ಮಾತಾಡ್ಕೋತಿದ್ವಿ."

ರಾಯಪ್ಪನ ಮೀಸೆಯ ಕೆಳಗೆ ಮೊದಲ ಸಲ ನಗು ಕಂಡಿತು. ಅದರ ಹಿಂದೆಯೇ ಕಣ್ಣೀರು ಇಳಿಯಿತು. ಅವನು ಎರಡನ್ನೂ ತಡೆಯಲಿಲ್ಲ. ಉಳಿದ ತಂತಿಗಳಿಗೂ ಅವನೇ ಅಂಗೈ ಏರಿಸಿ ಇಳಿಸಿ ಸುರ ತೋರಿಸಿದ.

ಹೂವಿನ ವಿಮಾನದಲ್ಲಿ ಲಕ್ಕವ್ವ ಕುಳಿತು ಹೊರಟಳು. ಐಶ್ವರ್ಯ ಗಿಟಾರನ್ನು ಕೊರಳಿಗೆ ಹಾಕಿಕೊಂಡಳು. ಓಣಿ ದಾಟಿ ದೊಡ್ಡ ರಸ್ತೆಗೆ ಬರುವಷ್ಟರಲ್ಲಿ ಹೆಂಗಸರ ದನಿಗಳ ನಡುವೆ ಒಂದು ದಪ್ಪ ದನಿ ಸೇರಿತು. ರಾಯಪ್ಪ ಹಾಡುತ್ತಿದ್ದ. ಸುರ ಕೂಡಿತ್ತು, ಆದರೆ ಪದಗಳು ಒಂದು ಹೆಜ್ಜೆ ಹಿಂದೆ ಬರುತ್ತಿದ್ದವು. ಮಾಬುಬಿ ಅವನಿಗಾಗಿ ಹಾಡನ್ನು ನಿಧಾನ ಮಾಡಿದಳು. ಹಾಡು ನಿಧಾನವಾದಂತೆ ವಿಮಾನ ಹೊತ್ತವರ ಹೆಜ್ಜೆಯೂ ನಿಧಾನವಾಯಿತು. ಅವರ ಹಿಂದೆ, ಬಬಲೇಶ್ವರಕ್ಕೆ ಹೊರಟಿದ್ದ ಬಸ್ಸೊಂದು ಹಾರ್ನ್ ಹಾಕದೆ, ಕಿಟಕಿ ತುಂಬ ತಲೆಗಳನ್ನು ಹೊತ್ತು, ಹಾಡಿನ ಹೆಜ್ಜೆಯಲ್ಲೇ ಉರುಳುತ್ತ ಬಂತು.